ದೀಪದ ಮನೆಯಿಂದ ಸಮುದ್ರಕ್ಕೆ

ನನ್ನ ಮೈದುನ ಸಂಕೇತನಿಗೆ ಲೆಕ್ಕ ಸರಿಹೊಂದಿದರೆ ಆಗುವ ಸಂತೋಷ ಹಬ್ಬದ ಊಟದಿಂದಲೂ ಆಗುವುದಿಲ್ಲ. ಆ ಭಾನುವಾರ ಬೆಳಿಗ್ಗೆ ರಾಯಾಪುರದಿಂದ ಹೆಂಡತಿ ಋತುಜಾಳನ್ನೂ ಮಗಳು ಗಾರ್ಗಿಯನ್ನೂ ಕರೆದುಕೊಂಡು ಧಾರವಾಡದ ಮಾಳಮಡ್ಡಿಯ ನಮ್ಮ ಮನೆಗೆ ಬಂದವನು, ಉಪ್ಪಿಟ್ಟಿನ ತಾಟು ಕೈಯಲ್ಲಿ ಹಿಡಿದೇ ಘೋಷಣೆ ಮಾಡಿದ.

"ಅಣ್ಣಾ, ಸಂಕ್ರಾಂತಿ ಆದ ಮುಂದಿನ ರವಿವಾರ ಎಲ್ಲಾರೂ ಅಂಕೋಲಾಕ್ಕ. ಸಮುದ್ರದ ದಂಡಿ ಮ್ಯಾಲೆ ಊಟ. ನಸುಕಿನ್ಯಾಗ ಐದಕ್ಕ ಬಿಟ್ರ ರಾತ್ರಿ ಒಂಬತ್ತರೊಳಗ ವಾಪಸ್. ನೀ, ನಾ, ಋತುಜಾ, ಕಪಿಲ, ಗಾರ್ಗಿ. ಐದು ಮಂದಿ, ಕಾರಿನ್ಯಾಗ ಐದು ಸೀಟು. ಹೆಂಗ ಹೊಂದ್ತು ನೋಡು!"

ನಾನು ಅಡುಗೆಮನೆಯ ಬಾಗಿಲಲ್ಲಿ ಉಪ್ಪಿಟ್ಟಿನ ಬೋಗುಣಿ ಹಿಡಿದು ನಿಂತಿದ್ದೆ. ನಮ್ಮವರು, ಯಜ್ಞೇಶ್ವರ ಮಾಸ್ತರರು, ಹೋದ ವರ್ಷ ಸಾಲೆಯ ನೌಕರಿಯಿಂದ ನಿವೃತ್ತರಾದವರು, ತಲೆದೂಗಿದರು. ನನ್ನ ಮಗ ಕಪಿಲ, ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಪಂಪಿನ ಕಾರ್ಖಾನೆಯಲ್ಲಿ ಇಂಜಿನಿಯರು, ಅವನೂ ತಲೆದೂಗಿದ. ಆರನೆಯವಳು ಒಬ್ಬಳಿದ್ದಾಳೆ ಎಂದು ಒಬ್ಬರಿಗೂ ನೆನಪಾಗಲಿಲ್ಲ. ಬೇಕೆಂದೇ ಬಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ಮರೆತವರ ಜೊತೆ ಏನು ಜಗಳ ಆಡುವುದು?

ಮರೆಯುವುದಕ್ಕೆ ಕಾರಣ ಒಂದು ದೀಪ. ನಮ್ಮ ದೇವರ ಮನೆಯಲ್ಲಿ ಗೇಣುದ್ದದ ಹಿತ್ತಾಳೆಯ ನಂದಾದೀಪವಿದೆ. ನಮ್ಮವರ ಅಜ್ಜಿ ಈ ಮನೆಯ ಗೃಹಪ್ರವೇಶದ ದಿನ ಹಚ್ಚಿದ್ದಂತೆ. ಎಪ್ಪತ್ತೊಂದು ವರ್ಷದಿಂದ ಆರಿಲ್ಲವೆಂದು ಇಡೀ ಓಣಿಗೆ ಗೊತ್ತು. ನಮ್ಮ ಮನೆಗೆ ನಂಬರು ಇದ್ದರೂ ಯಾರೂ ನಂಬರು ಕೇಳುವುದಿಲ್ಲ, ದೀಪದ ಮನೆ ಎಂದರೆ ಸಾಕು. ಬಂದವರನ್ನು ನಮ್ಮವರು ಮೊದಲು ಅಲ್ಲಿಗೇ ಕರೆದೊಯ್ದು, ಪಾಠ ಹೇಳುವ ಧಾಟಿಯಲ್ಲಿ ಅದರ ಕಥೆ ಹೇಳುತ್ತಾರೆ. ಕಥೆಯಲ್ಲಿ ಅಜ್ಜಿ ಬರುತ್ತಾಳೆ, ಅವರ ತಾಯಿ ಬರುತ್ತಾರೆ. ದಿನಕ್ಕೆ ಐದು ಸಲ ಎಣ್ಣೆ ಹಾಕಿ, ಬತ್ತಿಯ ಕುಡಿಯ ಕರಿ ತೆಗೆಯುವ ನಾನು ಮಾತ್ರ ಬರುವುದಿಲ್ಲ.

ಆ ದೀಪದ ಸ್ವಭಾವ ಹಟಮಾರಿ. ಎಣ್ಣೆ ತುಂಬಿದ್ದರೂ ನಾಲ್ಕೈದು ತಾಸಿಗೊಮ್ಮೆ ಕರಿ ತೆಗೆಯದಿದ್ದರೆ ಮಂಕಾಗಿ ಹೋಗುತ್ತದೆ. ದೊಡ್ಡ ದೀಪ ಇಟ್ಟರಾಯಿತು ಎಂದರೆ, ಅಜ್ಜಿಯ ದೀಪ ಬದಲಿಸುವಂತಿಲ್ಲ. ಅತ್ತೆಯವರ ಮಂಡಿ ಕೈಕೊಟ್ಟ ವರ್ಷ ಅದು ನನ್ನ ಪಾಲಿಗೆ ಬಂತು. ಅಂದಿನಿಂದ ಇಪ್ಪತ್ತೆರಡು ವರ್ಷ, ನಾನು ಮನೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗಿಲ್ಲ. ಪುಣೆಯ ಮದುವೆಗೆ ಎಲ್ಲರೂ ಹೋದರು, ನಾನು ಇಲ್ಲಿ ಎಣ್ಣೆ ಹಾಕಿದೆ. ಸಂಕೇತನ ರಾಯಾಪುರದ ಮನೆಯ ವಾಸ್ತುಶಾಂತಿಗೆ ಹೋಗಿ ಎರಡು ತಾಸಿಗೆ ಆಟೋ ಹಿಡಿದು ಬಂದೆ. ಹನ್ನೆರಡು ವರ್ಷದ ಹಿಂದೆ ನನ್ನ ಅವ್ವ ಬಾಗಲಕೋಟೆಯ ಆಸ್ಪತ್ರೆಯಲ್ಲಿ ಕೊನೆಯ ಸಲ ಮಲಗಿದ್ದಾಗ, ಅವಳ ಹತ್ತಿರ ಎರಡೂವರೆ ತಾಸು ಕೂತು, ದೀಪಕ್ಕೆಂದು ಬಸ್ಸು ಹಿಡಿದು ತಿರುಗಿ ಬಂದೆ. ಮರುದಿನ ಬೆಳಗಿನ ಜಾವ ಅವ್ವ ಹೋದಳು.

ನನಗೆ ಈಗ ಐವತ್ಮೂರು. ಸಮುದ್ರವನ್ನು ಟೀವಿಯಲ್ಲಿ ಬಿಟ್ಟರೆ ನೋಡಿಲ್ಲ. ಧಾರವಾಡದಿಂದ ಮೂರೂವರೆ ತಾಸಿನ ದಾರಿ ಎಂದರೆ ಜನ ನಂಬುವುದಿಲ್ಲ. ಆ ದಿನ ಬೋಗುಣಿ ಹಿಡಿದು ನಿಂತಾಗ ಹೊಟ್ಟೆಯೊಳಗಿಂದ ಒಂದು ಹಟ ಎದ್ದು ಬಂತು. ಈ ಸಲ ನಾನು ಹೋಗಲೇಬೇಕು. ಯಾಕೆಂದು ಕೇಳಿದರೆ ಕಾರಣವಿಲ್ಲ, ಹೋಗಬೇಕು ಅಷ್ಟೇ.

"ನಾನೂ ಬರ್ತೇನಿ," ಎಂದೆ.

ಉಪ್ಪಿಟ್ಟು ತಿನ್ನುವ ಚಮಚಗಳ ಸದ್ದು ನಿಂತಿತು. ಸಂಕೇತ ನನ್ನನ್ನು ನೋಡಿದ, ಅಣ್ಣನನ್ನು ನೋಡಿದ. "ಬರ್ರಿ ವೈನಿ, ಬರಬ್ಯಾಡ ಅಂದವರ್ಯಾರು? ಸೀಟಿಂದೇನು, ಹಿಂದ ಮೂರರ ಜಾಗಾದಾಗ ನಾಕು ಮಂದಿ ಕೂತ್ರಾತು. ಆದ್ರ..."

ಆ 'ಆದ್ರ'ವನ್ನು ನಮ್ಮವರು ಮುಗಿಸಿದರು. "ದೀಪದ್ದೇನು?"

ಋತುಜಾ ಎದ್ದು ತಾಟುಗಳನ್ನು ಒಟ್ಟುಮಾಡತೊಡಗಿದಳು. ನಮ್ಮ ಮನೆಯಲ್ಲಿ ಋತುಜಾ ತಾನಾಗಿ ತಾಟು ಎತ್ತಿದಳೆಂದರೆ ಪರಿಸ್ಥಿತಿ ಗಂಭೀರವಾಗಿದೆ ಎಂದು ಅರ್ಥ.

ಅಂದೇ ಮಧ್ಯಾಹ್ನ ಸಂಕೇತ ಫೋನಿನಲ್ಲಿ 'ಚಲೋ ಅಂಕೋಲಾ' ಎಂದು ಒಂದು ಗ್ರೂಪು ಮಾಡಿದ. ಯಾರು ಟೋಪಿ ತರಬೇಕು, ಯಾರು ಚಾಪೆ, ಸಮುದ್ರದ ಉಬ್ಬರ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ, ಅರಬೈಲ್ ಘಾಟಿನಲ್ಲಿ ಗಾರ್ಗಿಗೆ ವಾಂತಿಯಾದರೆ ಯಾವ ಗುಳಿಗೆ. ನಾನು ಬರೆದೆ: 'ಧಪಾಟಿ, ಶೇಂಗಾ ಚಟ್ನಿ, ಮೊಸರನ್ನ ನಾನು ಮಾಡಿಕೊಂಡು ಬರುತ್ತೇನೆ.' ಆ 'ಬರುತ್ತೇನೆ' ಎಲ್ಲರಿಗೂ ಕಂಡಿತು, ನೀಲಿ ಗುರುತು ಬಿತ್ತು. ನಾಲ್ಕು ತಾಸಿನ ಮೇಲೆ ಋತುಜಾಳಿಂದ ಎರಡು ಮುಗಿದ ಕೈ ಬಂದವು. ಅದು ನಮಸ್ಕಾರವೋ ಸಂತಾಪವೋ ತಿಳಿಯಲಿಲ್ಲ.

ನಿಜ ಹೇಳಬೇಕೆಂದರೆ ಆ ವಾರವೆಲ್ಲ ನಾನು ಕಾದದ್ದು ಒಂದೇ ಮಾತಿಗೆ. 'ನಾ ಇರ್ತೇನಿ, ನೀ ಹೋಗಿ ಬಾ' ಎಂದು ನಮ್ಮವರು ಹೇಳಲಿ ಎಂದು. ಅವರಿಗೇನು ಸಾಲೆ ಇಲ್ಲ, ಪರೀಕ್ಷೆ ಇಲ್ಲ. ಸಮುದ್ರವನ್ನು ವರ್ಷಕ್ಕೊಮ್ಮೆ ಸಾಲೆಯ ಹುಡುಗರ ಪ್ರವಾಸದಲ್ಲಿ ನೋಡಿ ನೋಡಿ ಬೇಸರ ಬಂದವರು. ಚಹಾ ಕೊಡುವಾಗ ಒಂದು ನಿಮಿಷ ಹೆಚ್ಚು ನಿಂತೆ, ಊಟಕ್ಕೆ ಬಡಿಸುವಾಗ ಸಮುದ್ರದ ವಿಷಯ ತೆಗೆದೆ. ಅವರು ಭಕ್ಕರಿ ಮುರಿಯುತ್ತ, ಯಲ್ಲಾಪುರದ ಮುಂದೆ ರಸ್ತೆ ಹೇಗಿದೆಯೋ ಎಂದರು. ನನ್ನ ಮೈ ಉರಿಯಿತು.

ನನಗೋ ಕೂತಲ್ಲಿ ಕೂಡಲಾಗದು, ನಿಂತಲ್ಲಿ ನಿಲ್ಲಲಾಗದು. ಟ್ರಂಕು ತೆಗೆದು ಯಾವ ಸೀರೆ ಉಪ್ಪುನೀರಿಗೆ ತಡೆಯುತ್ತದೆ ಎಂದು ನೋಡಿದೆ, ಮುಚ್ಚಿದೆ, ಮತ್ತೆ ತೆಗೆದೆ. ಶೇಂಗಾ ಹುರಿಯಲು ಇಟ್ಟು ಅಂಗಳಕ್ಕೆ ಬಂದು, ಕರಕಾದ ವಾಸನೆಗೆ ಒಳಗೆ ಓಡಿದೆ. ಎರಡನೆಯ ಸಲ ಹುರಿದು ಚಟ್ನಿ ಕುಟ್ಟಿದಾಗ ಉಪ್ಪು ಎರಡು ಸಲ ಹಾಕಿದ್ದೆ. ಎಣ್ಣೆ ಹಾಕುವ ಹೊತ್ತಿಗಿಂತ ಮೊದಲೇ ಹೋಗಿ ಹಾಕಿದ್ದರಿಂದ ದೀಪ ತುಂಬಿ ಚೆಲ್ಲಿತು. ಬುಧವಾರದ ಹೊತ್ತಿಗೆ ಅಂಗಾಲಿಗೆ ಕೆಂಡ ಕಟ್ಟಿದ ಹಾಗೆ ಮನೆ ತುಂಬ ಓಡಾಡುತ್ತಿದ್ದೆ.

ಕಪಿಲನಿಗೆ ನನ್ನ ಅವಸ್ಥೆ ನೋಡಿ ಮರುಕ ಬಂತೋ, ತನ್ನ ಇಂಜಿನಿಯರಿಂಗ್ ನೆನಪಾಯಿತೋ, ಔಷಧದ ಅಂಗಡಿಯಿಂದ ಸಲೈನಿನ ಬಾಟಲಿ, ನಳಿಗೆ ತಂದ. ಬಾಟಲಿಗೆ ಎಳ್ಳೆಣ್ಣೆ ತುಂಬಿ ದೇವರ ಮನೆಯ ಗೂಟಕ್ಕೆ ತೂಗಹಾಕಿ, ನಳಿಗೆಯ ತುದಿಯನ್ನು ದೀಪದ ಮೇಲೆ ಹಿಡಿಸಿದ.

"ಅಮ್ಮ, ತಾಸಿಗೆ ಇಷ್ಟ ಹನಿ ಅಂತ ಹಚ್ಚೇನಿ. ಇನ್ನ ನೀ ಅಂಕೋಲಾ ಏನು, ಕಾಶಿಗೇ ಹೋಗು."

ಜನವರಿಯ ಥಂಡಿಗೆ ಎಣ್ಣೆ ದಪ್ಪಗಾಗಿ ಒಂದು ತಾಸು ಹನಿಯೇ ಬೀಳಲಿಲ್ಲ. ಅವನು ತಿರುಪು ಸಡಿಲಿಸಿ ಸ್ನಾನಕ್ಕೆ ಹೋದ. ಬಿಸಿಲು ಬಿದ್ದ ಮೇಲೆ ಎಣ್ಣೆ ದಳದಳ ಸುರಿದು ದೀಪ ತುಂಬಿ, ದೇವರ ಮಣೆ ತೊಯ್ದು, ಬಾಲಕೃಷ್ಣ ಎಣ್ಣೆಯಲ್ಲಿ ಮೊಳಕಾಲವರೆಗೆ ಮುಳುಗಿ ನಿಂತಿದ್ದ. ಬತ್ತಿ ಚರಚರ ಅನ್ನತೊಡಗಿತು. ನಾನು ಓಡಿ ಬಂದು ಉಳಿಸಿದೆ. ನಮ್ಮವರು ಬಾಗಿಲಲ್ಲಿ ನಿಂತು ನೋಡಿದರು.

"ದೇವರಿಗೆ ಸಲೈನ್ ಹಚ್ಚತೀರೇನು? ಅವಾ ಏನು ಐ.ಸಿ.ಯು.ದಾಗ ಇದ್ದಾನೇನು?"

ಬೇರೆ ಹೊತ್ತಾಗಿದ್ದರೆ ನಕ್ಕುಬಿಡುತ್ತಿದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಎಣ್ಣೆ ಒರೆಸಿದೆ.

ಆ ಸದ್ದಿಗೆ ಪಕ್ಕದ ಮನೆಯ ದೇವಕ್ಕ ಬಂದರು. ಹತ್ತಿ ವ್ಯಾಪಾರದವರ ಮನೆತನ, ಬೆಳಿಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರು ಹಾಕದ ಹೆಂಗಸು. ಸಂಗತಿ ಕೇಳಿ ಅವರು ಹೇಳಿದ್ದು ಒಂದೇ ಮಾತು: "ಎಣ್ಣಿ ಹಾಕೂದು, ಕರಿ ತಗಿಯೂದು, ಇಷ್ಟ ಐತಲ್ರಿ? ನಾ ಇಲ್ಲೇ ಬಂದು ಕೂಡ್ತೇನ್ರಿ. ನೀವು ನಿಶ್ಚಿಂತಿ ಹೋಗಿ ಬರ್ರಿ ವೈನಿ."

ನನಗೆ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ಅಷ್ಟರಲ್ಲಿ ನಮ್ಮವರು ಸಕ್ಕರೆಯಂಥ ದನಿಯಲ್ಲಿ, "ಛೇ ಛೇ, ನಿಮಗ್ಯಾಕ ತ್ರಾಸು ದೇವಕ್ಕ," ಎಂದರು. ಆ ಸಕ್ಕರೆಯ ಒಳಗೇನಿತ್ತೆಂದು ದೇವಕ್ಕನಿಗೂ ಗೊತ್ತು, ನನಗೂ ಗೊತ್ತು. ಅವರ ದೇವರ ಮನೆಯ ಪ್ರಸಾದ ನಮ್ಮವರಿಗೆ ಆಗುತ್ತದೆ, ನಮ್ಮ ದೇವರ ಮನೆಯ ಹೊಸ್ತಿಲಷ್ಟೇ ಅವರಿಗೆ ದಾಟಲಾಗದಷ್ಟು ಎತ್ತರ. ದೇವಕ್ಕ ನನ್ನ ಮುಖ ನೋಡಿ ಹೋದರು. ನಾಚಿಕೆಯಿಂದ ಎರಡು ದಿನ ನಾನು ಕಂಪೌಂಡಿನ ಆ ಕಡೆಗೆ ಬಟ್ಟೆ ಒಣಹಾಕಲಿಲ್ಲ.

ಗುರುವಾರ ಸಂಜೆ ಗಾರ್ಗಿಯೇ ಗ್ರೂಪಿನಲ್ಲಿ ಬರೆದಳು: 'ದೊಡ್ಡಮ್ಮ ಹೋಗಲಿ. ದೀಪದ ಹತ್ತಿರ ನಾನು ಇರುತ್ತೇನೆ. ನಾನು ಗೋವಾ ಎರಡು ಸಲ ನೋಡಿದ್ದೇನೆ.'

ಗಾರ್ಗಿಗೆ ಹತ್ತೊಂಬತ್ತು. ಕಾಲೇಜು, ಹಾಡಿನ ಕ್ಲಾಸು, ಗೆಳತಿಯರು, ಸದಾ ಕಾಲಲ್ಲಿ ಗಾಲಿ ಕಟ್ಟಿಕೊಂಡ ಹುಡುಗಿ. ಅವಳ ಮಾತಿಗೆ ಗ್ರೂಪಿನಲ್ಲಿ ಹೂವಿನ ಮಳೆಯಾಯಿತು. ನಮ್ಮವರು 'ಶಾಣ್ಯಾ ಹುಡುಗಿ' ಎಂದು ಬರೆದರು. ಋತುಜಾ ಫೋನೇ ಮಾಡಿದಳು. "ನೋಡ್ರಿ ವೈನಿ, ನಮ್ಮ ಗಾರ್ಗಿ ಎಷ್ಟು ಹೊಂದಾಣಿಕಿ ಹುಡುಗಿ. ನಾಳೆ ಯಾವ ಮನಿಗೆ ಹೋದ್ರೂ ನಡಿಸ್ಕೊಂಡು ಹೋಗ್ತಾಳ."

ನನ್ನ ಬಗ್ಗೆ ಅತ್ತೆಯವರೂ ಹೀಗೇ ಹೇಳುತ್ತಿದ್ದರು. ಕಿವಿಯಲ್ಲಿ ಆ ಮಾತು ಚುಚ್ಚಿತು. ಆದರೂ ಸುಳ್ಳು ಯಾಕೆ ಹೇಳಲಿ, ಒಪ್ಪಿಕೊಂಡೆ. ಆಸೆ ಅಷ್ಟಿತ್ತು. ಟ್ರಂಕಿನಿಂದ ನೀಲಿ ಸೀರೆ ತೆಗೆದು ಹೊರಗಿಟ್ಟೆ. ಶುಕ್ರವಾರ ಎಂದೂ ಹಾಡದವಳು ಹಿಟ್ಟು ನಾದುತ್ತ ಏನೋ ಗುನುಗಿದೆ, ಕಪಿಲ ಅಡುಗೆಮನೆಗೆ ಬಂದು ಯಾರು ಬಂದಿದ್ದಾರೆ ಎಂದು ನೋಡಿ ಹೋದ.

ಶನಿವಾರ ಸಂಜೆ ಐದಕ್ಕೆ ಸಂಕೇತ ಮಗಳನ್ನು ಬಿಟ್ಟು ಹೋದ. ಭುಜಕ್ಕೊಂದು ಚೀಲ, ಅದರಲ್ಲಿ ಒಂದು ದಿನ ಕೂತು ಓದಲು ಪುಸ್ತಕ, ಚಾರ್ಜರು. ಕಪಿಲ ಕಾರ್ಖಾನೆಯಿಂದ ಇನ್ನೂ ಬಂದಿರಲಿಲ್ಲ. ನಮ್ಮವರು ಹೊರಗಿನ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ಗಾರ್ಗಿ ಕಾಲು ತೊಳೆದು ಬಂದಳು. ನಾನು ಅವಳನ್ನು ದೀಪದ ಮುಂದೆ ಕೂಡಿಸಿ ಕಲಿಸತೊಡಗಿದೆ.

"ಎಣ್ಣಿ ಈ ಗೆರಿತನಕಾ. ಹೆಚ್ಚಾದ್ರ ಬತ್ತಿ ಮುಳಗತದ. ಈ ಕಡ್ಡೀಲೆ ಕುಡಿ ಹಿಂಗ ಎತ್ತಬೇಕು, ಕರಿ ಹಿಂಗ ತಗೀಬೇಕು. ಫ್ಯಾನು ಹಚ್ಚಬಾರದು. ಹಿತ್ತಲ ಬಾಗಿಲಾ ಗಾಳಿಗೆ ಬಡೀಬಾರದು. ಸ್ನಾನಕ್ಕ ಹೋದ್ರ ಹತ್ತು ನಿಮಿಷದಾಗ ಹೊರಗ ಬರಬೇಕು. ಮಧ್ಯಾಹ್ನ ನಿದ್ದಿ ಬಂದ್ರ ಇಲ್ಲೇ ಗೋಡಿಗೆ ಆನಿಕೊಂಡು ಕೂಡು, ಹಾಸಗಿ ಮ್ಯಾಲೆ ಮಲಗಬ್ಯಾಡ."

ಅವಳು ಪ್ರತಿ ಮಾತಿಗೂ ಹೂಂ ಎಂದು ಕಡ್ಡಿ ಹಿಡಿದಳು. ಮೊದಲ ಸಲಕ್ಕೇ ಜ್ವಾಲೆ ನಡುಗಿತು. ಕೈ ಹಿಂದಕ್ಕೆ ತೆಗೆದಳು.

"ದೊಡ್ಡಮ್ಮ, ಅಕಸ್ಮಾತ್ ಆರಿದ್ರ ಏನು ಮಾಡ್ಲಿ?"

ನಮ್ಮ ಮನೆಯಲ್ಲಿ ಆ ಶಬ್ದವನ್ನೇ ಯಾರೂ ಆಡುವುದಿಲ್ಲ. ನಾನೂ ಇಪ್ಪತ್ತೆರಡು ವರ್ಷದ ಹಿಂದೆ ಅತ್ತೆಯವರನ್ನು ಇದನ್ನೇ ಕೇಳಿದ್ದೆ. ಅವರು ಹೇಳಿದ್ದು ನಾಲಿಗೆಯ ತುದಿಯಲ್ಲಿ ತಾನಾಗಿ ಬಂತು.

"ಆರೂದಿಲ್ಲ."

"ಹಂಗಲ್ಲ, ಆರಿತು ಅಂತ ತಿಳೀರಿ..."

"ಆರೂದಿಲ್ಲ ಅಂದೆನಲ್ಲ. ಎಪ್ಪತ್ತೊಂದು ವರ್ಷ ಆರಿಲ್ಲ."

ಹುಡುಗಿಯ ಮುಖ ಬಿಳಿಚಿತು. ಹುಬ್ಬಿನ ನಡುವೆ ಗಂಟು ಬಿತ್ತು, ದೃಷ್ಟಿ ಜ್ವಾಲೆಗೆ ಅಂಟಿಕೊಂಡಿತು. ನಾಳೆ ಇಡೀ ದಿನ ಇವಳು ಹೀಗೇ ಕೂಡುತ್ತಾಳೆ, ಪುಸ್ತಕ ಚೀಲದಿಂದ ಹೊರಗೆ ಬರುವುದೂ ಇಲ್ಲ. ನಾಡಿದ್ದು ಮತ್ತೆಲ್ಲಿಗೋ ಹೋಗುವಾಗ, ಗಾರ್ಗಿ ಇದ್ದಾಳಲ್ಲ ಬಿಡು ಎನ್ನುತ್ತಾರೆ. ಆಮೇಲೆ ಎಣಿಸುವುದನ್ನೇ ಬಿಡುತ್ತಾರೆ. ನಾನು ಸಮುದ್ರ ನೋಡಲೆಂದು ಈ ಹುಡುಗಿಯನ್ನು ನನ್ನ ಜಾಗಕ್ಕೆ ಕೂಡಿಸುತ್ತಿದ್ದೇನಲ್ಲ ಎಂದುಕೊಂಡು ಅವಳ ಕೈಯಿಂದ ಕಡ್ಡಿ ತೆಗೆದುಕೊಂಡೆ.

"ಗಾರ್ಗಿ," ಎಂದೆ, "ಆರಿದ್ರ ಕಡ್ಡಿ ಗೀರಿ ಹಚ್ಚು. ಕಡ್ಡಿಪೆಟ್ಟಿಗಿ ಗಂಧದ ಕೊರಡಿನ ಹಿಂದ ಅದ."

"ಮತ್ತ ಎಪ್ಪತ್ತೊಂದು ವರ್ಷ?"

"ಒಂಬತ್ತು ಸಲ ಆರೇದ. ನಾನಽ ಹಚ್ಚೇನಿ. ಮೊದಲನೇ ಸಲ ಹಲ್ಲಿ ಬಿತ್ತು. ಒಂದ್ಸಲ ನನಗ ಜ್ವರ ಬಂದು ಎಚ್ಚರ ಇರಲಿಲ್ಲ. ಕಪಿಲನ ಟೈಫಾಯ್ಡಿನ್ಯಾಗ ಎರಡು ಸಲ. ಯಾರಿಗೂ ಹೇಳಿಲ್ಲ. ಹಚ್ಚಿ, ಎರಡೂ ಗಲ್ಲಾ ಬಡಕೊಂಡು, ಏನೂ ಆಗಿಲ್ಲದಂಗ ಅಡಗಿಗೆ ಹತ್ತೇನಿ. ಒಂಬತ್ತು ಸಲಾನೂ ನನಗ ಏನರ ಕೆಟ್ಟದ್ದಾಗ್ತದ ಅಂತ ತಿಂಗಳಾನುಗಟ್ಟಲೆ ಅಂಜೇನಿ. ನೀ ಅಂಜಬ್ಯಾಡ."

ಗಾರ್ಗಿ ನನ್ನ ಹಿಂದೆ ನೋಡುತ್ತಿದ್ದಳು. ತಿರುಗಿದೆ. ನಮ್ಮವರು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಮಡಿಚಿದ ಪೇಪರು. ಇನ್ನು ಏನಾಗುವುದಿದೆಯೋ ಆಗಲಿ ಎಂದು ಎದ್ದು ನಿಂತೆ. ಅವರು ಕೂಗಾಡಲಿಲ್ಲ. ಬಹಳ ಸಣ್ಣ ದನಿಯಲ್ಲಿ ಹೇಳಿದರು.

"ಒಂಬತ್ತಲ್ಲ. ಹನ್ನೊಂದು."

ನನಗೆ ಅರ್ಥವಾಗಲಿಲ್ಲ.

"ಎರಡು ಸಲ ನಾನು ಹಚ್ಚೇನಿ. ಸಂಕೇತನ ವಾಸ್ತುಶಾಂತಿಗೆ ನೀ ಹೋಗಿ ಬರೂತನಕಾ ನಾ ಮನ್ಯಾಗ ಇದ್ದೆ, ಆಗ ಒಂದ್ಸಲ." ಅಷ್ಟಕ್ಕೇ ನಿಂತರು. ಗಾರ್ಗಿಯ ಕಡೆ ನೋಡಿ, ನೆಲ ನೋಡಿ, ಮತ್ತೆ ಹೇಳಿದರು. "ನೀ ಬಾಗಲಕೋಟಿಗೆ ಹೋದ ದಿವಸ ಒಂದ್ಸಲ."

ಹೊರಗೆ ಯಾರದೋ ಸ್ಕೂಟರು ಹೋಯಿತು. ಬಾಗಲಕೋಟೆಯ ದಿವಸ ನನಗೆ ನಿಮಿಷ ನಿಮಿಷವೂ ನೆನಪಿದೆ. ಅತ್ತೆಯವರು ಹಾಸಿಗೆ ಹಿಡಿದಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಸಾಲೆಯಿಂದ ಬಂದು ಎಣ್ಣೆ ಹಾಕುತ್ತೇನೆ ಎಂದು ನಮ್ಮವರು ಒಪ್ಪಿದ್ದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ಎರಡು ಗಂಟೆಗೆ ನಾನೇ ಫೋನು ಮಾಡಿದ್ದೆ. ದೀಪ ಹೇಗಿದೆ, ಇವತ್ತೊಂದು ರಾತ್ರಿ ನಾನು ಅವ್ವನ ಹತ್ತಿರ ಇರಲೇ ಎಂದು ಕೇಳಿದ್ದೆ.

"ನಾ ಫೋನ್ ಮಾಡಿದಾಗ?" ಎಂದೆ.

"ಆಗಽ ಬಂದಿದ್ದೆ. ಬಂದು ನೋಡೂದ್ರಾಗ ಆರಿತ್ತು. ಹಚ್ಚಿದೆ. ಕಡ್ಡಿ ಇನ್ನೂ ಕೈಯಾಗಿತ್ತು, ನಿನ್ನ ಫೋನ್ ಬಂತು."

"ನೀವು ಏನಂದ್ರಿ ನೆನಪದ ಏನು?"

ಅವರು ಕೈಯಲ್ಲಿದ್ದ ಪೇಪರನ್ನು ಇನ್ನೊಂದು ಮಡಿಕೆ ಮಾಡಿದರು. ನಾನೇ ಹೇಳಿದೆ. "'ಛಲೋ ಉರೀಲಿಕ್ಕತ್ತದ. ಸಂಜೀಕ ಎಣ್ಣಿ ಹಾಕಲಿಕ್ಕೆ ನೀ ಬೇಕು, ಲಗೂ ಬಾ.' ಹಿಂಗಂದ್ರಿ. ನಾ ಅವ್ವನ ಕೈ ಬಿಡಿಸಿಕೊಂಡು ಬಂದೆ. ಬಿಡವಲ್ಲಳಾಗಿದ್ದಳು, ಬೆರಳು ಒಂದೊಂದಽ ಬಿಡಿಸಿದೆ. ದೀಪ ಉಳಸಬೇಕು ಅಂತ ಬಂದೆ. ಅದು ಆರಿ ಹೋಗಿದ್ದ ದೀಪ!"

ಕಡೆಯ ಮಾತು ಕೂಗಾಗಿ ಹೊರಬಂತು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ನಾನು ಅವರ ಮುಂದೆ ಹಾಗೆ ಕೂಗಿದ್ದೇ ಇಲ್ಲ. ಗಾರ್ಗಿ ನನ್ನ ಕೈ ಹಿಡಿದುಕೊಂಡಳು.

"ಆರೇದ ಅಂತ ಒಂದು ಮಾತು ಹೇಳಿದ್ರ ನಾ ಅಲ್ಲೇ ಇರ್ತಿದ್ದೆ. ಯಾಕ ಹೇಳಲಿಲ್ರಿ?"

"ಅಂಜಿಕಿ ಆತು," ಎಂದರು. "ನಮ್ಮವ್ವ ಒಳಗ ಮಲಗಿದ್ದಳು. ನನ್ನ ಕೈಯಾಗ ಆರಿತು ಅಂತ ಹೆಂಗ ಹೇಳ್ಲಿ? ನೀ ಬಂದ್ರ ಎಲ್ಲಾ ಸರಿ ಹೋಗ್ತದ ಅನಿಸ್ತು. ನಿನ್ನ ತಾಯಿ ಮರುದಿವಸ ಹೋಗ್ತಾರ ಅಂತ ನನಗೇನು ಗೊತ್ತು? ಆಮ್ಯಾಲೆ... ಆಮ್ಯಾಲೆ ಹೇಳಲಿಕ್ಕೆ ಮುಖಾನಽ ಇರಲಿಲ್ಲ. ಅದಕ್ಕಽ ಈ ವಾರಾನೂ ನಾ ಇರ್ತೇನಿ ಅನ್ನಲಿಲ್ಲ. ನನ್ನ ಕೈಯಾಗ ಅದು ನಿಲ್ಲೂದಿಲ್ಲ."

ನನಗೆ ಅವರ ಮೇಲೆ ಕನಿಕರ ಬರಲಿಲ್ಲ, ಬರಬೇಕಿತ್ತೇನೋ. ಇಷ್ಟು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಸುಳ್ಳನ್ನು ಬೇರೆ ಬೇರೆಯಾಗಿ ಕಾಯುತ್ತಿದ್ದೆವು, ಬೆಲೆ ಮಾತ್ರ ನಾನೊಬ್ಬಳೇ ತೆತ್ತೆ. ಅಡುಗೆಮನೆಗೆ ಹೋಗಿ ಧಪಾಟಿಯ ಹಿಟ್ಟು ತೆಗೆದು ಲಟ್ಟಿಸತೊಡಗಿದೆ. ಕೈ ನಿಲ್ಲಬಾರದು, ನಿಂತರೆ ಏನಾದರೂ ಒಡೆಯುತ್ತೇನೆ ಅನಿಸಿತು. ಗಾರ್ಗಿ ಪಕ್ಕದಲ್ಲಿ ಕೂತು ಸುಟ್ಟದ್ದನ್ನು ಬಟ್ಟೆಯಲ್ಲಿ ಸುತ್ತಿಟ್ಟಳು.

"ನಾಳೆ ನೀನೂ ನನ್ನ ಜೋಡಿ ಬರ್ತಿ," ಎಂದೆ ಅವಳಿಗೆ. "ದೀಪದ್ದು ಅವರು ನೋಡ್ಕೋಳಿ, ಬಿಡಲಿ, ನನಗ ಗೊತ್ತಿಲ್ಲ."

ಬೆಳಗಿನ ಜಾವ ಐದಕ್ಕೆ ಸಂಕೇತ ಕಾರು ತಂದಾಗ ನಮ್ಮವರು ಪ್ಯಾಂಟು ಹಾಕಿಕೊಂಡಿರಲಿಲ್ಲ. ಪಂಚೆಯುಟ್ಟು ದೇವರ ಮನೆಯಲ್ಲಿ ದೀಪದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು, ಪಕ್ಕದಲ್ಲಿ ಎಣ್ಣೆಯ ಗಿಂಡಿ. ಸಂಕೇತ ಎರಡು ಸಲ, ಅಣ್ಣಾ ಬಾ, ಎಂದು ಕೂಗಿದ. "ನೀವು ನಡೀರಿ," ಎಂದರು ಒಳಗಿನಿಂದ. ನಾನು ಹೋಗಿ ಬರುತ್ತೇನೆ ಎನ್ನಲಿಲ್ಲ. ಬುತ್ತಿಯ ಚೀಲ ಎತ್ತಿಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕೂತೆ. ಏನೋ ನಡೆದಿದೆ ಎಂದು ತಿಳಿದರೂ ಯಾರೂ ಕೇಳಲಿಲ್ಲ. ಕಲಘಟಗಿ ದಾಟುವವರೆಗೆ ಕಾರಿನಲ್ಲಿ ಹಾಡು ಕೂಡ ಹಚ್ಚಲಿಲ್ಲ.

ಒಂಬತ್ತರ ಹೊತ್ತಿಗೆ ಸಮುದ್ರ ಬಂತು. ಬಂತು ಎನ್ನುವುದೇ ಸರಿ. ಗಾಳಿಮರಗಳ ಸಾಲು ಮುಗಿದದ್ದೇ ಎದುರಿಗೆ ನಿಂತಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ನಾನು ಖುಷಿಪಡುತ್ತೇನೆಂದು ಕಾಯುತ್ತಿದ್ದರು. ನನಗೆ ಮೊದಲು ಅನಿಸಿದ್ದು, ಇದಕ್ಕೂ ಒಂದು ಗಳಿಗೆ ಸುಮ್ಮನಿರಲು ಬರುವುದಿಲ್ಲವಲ್ಲ ಎಂದು. ಚಪ್ಪಲಿ ಬಿಟ್ಟು ಉಸುಕಿನಲ್ಲಿ ನಡೆದೆ. ಗಾರ್ಗಿ ನನ್ನ ಕೈ ಎಳೆದು ನೀರಿಗೆ ಒಯ್ದಳು. ಮೊದಲ ತೆರೆ ಮೊಳಕಾಲು ತೊಯಿಸಿ, ಹಿಂದೆ ಹೋಗುತ್ತ ಕಾಲಡಿಯ ಉಸುಕನ್ನೂ ಎಳೆದುಕೊಂಡು ಹೋಯಿತು. ನಾನು ಕಿರುಚಿದೆ. ಸಂಕೇತ ನಕ್ಕ, ಎಲ್ಲರೂ ನಕ್ಕರು, ನಾನೂ ನಕ್ಕೆ.

ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಹತ್ತಾಯಿತು, ಹತ್ತೂವರೆಯಾಯಿತು. ಹನ್ನೊಂದರ ಹೊತ್ತಿಗೆ ಬಲಗೈ ತಾನಾಗಿ ಗಿಂಡಿ ಹಿಡಿಯಲು ಹೊರಟಿತು. ಇಷ್ಟು ವರ್ಷದ ರೂಢಿ, ಸಿಟ್ಟಿಗೆಲ್ಲಿ ಹೋಗುತ್ತದೆ? ನೀರಿನಲ್ಲಿ ನಿಂತೇ ಎಣ್ಣೆ ಎಷ್ಟಿರಬಹುದು, ಕರಿ ಕಟ್ಟಿರಬಹುದೇ ಎಂದು ಯೋಚಿಸಿದೆ. ಯೋಚಿಸಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ಊಟ ಮುಗಿಸಿ ಲಗೂ ಹೊರಡೋಣವೆಂದು ಹೇಳಿಬಿಡುತ್ತೇನೇನೋ ಎಂದು ನನಗೇ ಭಯವಾಯಿತು.

ಆಗ ಕಪಿಲ ಪ್ಯಾಂಟು ಮಡಚಿಕೊಂಡು ನೀರಿಗಿಳಿದು ಬಂದ. ಅವನ ಫೋನು ಮುಂದೆ ಚಾಚಿದ. "ಅಮ್ಮ, ಅಪ್ಪಂದು."

ಗಾಳಿಯ ಸದ್ದಿಗೆ ಕೇಳಿಸದೆ ಇನ್ನೊಂದು ಕಿವಿ ಮುಚ್ಚಿಕೊಂಡೆ. ಅತ್ತ ಕಡೆ ನಮ್ಮವರು ಗಂಟಲು ಸರಿಮಾಡಿಕೊಂಡರು.

"ಸುಹಾಸಿನಿ, ದೀಪ ಆರೇದ."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಈಗ, ಐದು ನಿಮಿಷ ಆತು. ಕರಿ ತಗೀಲಿಕ್ಕೆ ಹೋಗಿ ನಾನಽ ಕೆಡಸಿದೆ. ಇನ್ನೂ ಹಚ್ಚಿಲ್ಲ. ಮೊದಲ ನಿನಗ ಹೇಳಬೇಕು ಅಂತ ಫೋನ್ ಮಾಡಿದೆ." ಆಮೇಲೆ ಹೇಳಿದರು: "ನೀ ಲಗೂ ಬರಬ್ಯಾಡ. ಎಷ್ಟೊತ್ತು ಬೇಕೋ ಅಷ್ಟೊತ್ತು ಅಲ್ಲೇ ಇರು."

ಒಂದು ತೆರೆ ಬಂದು ಸೊಂಟದವರೆಗೆ ತೊಯಿಸಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಕೇಳಬೇಕಾಗಿದ್ದ ಮಾತನ್ನು ಹನ್ನೆರಡು ವರ್ಷ ತಡವಾಗಿ, ಸಮುದ್ರದಲ್ಲಿ ನಿಂತು ಕೇಳಿದೆ.

"ಇದನ್ನ ಅವತ್ತು ಹೇಳಬೇಕಿತ್ರಿ," ಎಂದೆ.

"ಹೌದು," ಎಂದರು.

ಅವ್ವ ಹೋದಾಗ ಸೂತಕದ ಮನೆಯಲ್ಲೂ ದೀಪ ದೀಪ ಎಂದು ಓಡಾಡಿ ನನಗೆ ಅಳಲು ಪುರಸೊತ್ತಾಗಿರಲಿಲ್ಲ. ಈಗ ಫೋನು ಕಿವಿಗಿಟ್ಟುಕೊಂಡೇ ಗಟ್ಟಿಯಾಗಿ ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಫೋನನ್ನೂ ಇಡಲಿಲ್ಲ. ಅವರ ಉಸಿರಿನ ಸದ್ದು ಕೇಳುತ್ತಿತ್ತು. ಎಷ್ಟು ಹೊತ್ತೋ ತಿಳಿಯದು. ಕಡೆಗೆ ನಾನೇ ಫೋನು ಕಪಿಲನ ಕೈಗೆ ಕೊಟ್ಟೆ. ದಂಡೆಯಲ್ಲಿ ಋತುಜಾ ಬುತ್ತಿ ಬಿಚ್ಚಿ, ವೈನಿ ಊಟಕ್ಕ ಬರ್ರಿ, ಎಂದು ಕೂಗುತ್ತಿದ್ದಳು. ನೀವು ಶುರು ಮಾಡಿ ಎಂದು ಕೈ ಬೀಸಿ, ನಾನು ನೀರಿನಲ್ಲೇ ನಿಂತೆ.